ಸಹಾಯ ಬೇಕು: ಮಡಿಕೇರಿ ಸುತ್ತಮುತ್ತ ಒಂದು ಬಾಡಿಗೆ ಕೋಣೆ, ಜೊತೆಗೆ ಹೋಗಿಬಂದು ನೋಡಿಕೊಳ್ಳುವವರು

ಎಲ್ಲರಿಗೂ ನಮಸ್ಕಾರ. ವರ್ಷಗಟ್ಟಲೆ ಬಸ್ ನಿಲ್ದಾಣದಲ್ಲಿ ಮಲಗುತ್ತಿದ್ದು, ಈಗ ಆಶ್ರಯ ಕೇಂದ್ರದಲ್ಲಿರುವ 65 ದಾಟಿದ ಹಿರಿಯರೊಬ್ಬರಿಗೆ ಕೋಣೆ ಬೇಕು. ಮಳೆಗಾಲಕ್ಕೆ ಮುಂಚೆ ಸಿಗಲೇಬೇಕು. ನೆಲಮಹಡಿ, ಒಳಗೇ ಶೌಚಾಲಯ, ಸೋರದ ಮಾಡು, ಜಿಲ್ಲಾಸ್ಪತ್ರೆಗೆ ನೇರ ಬಸ್ಸು. ತೋಟದ ಲೈನ್‌ಮನೆ ದಯವಿಟ್ಟು ಬೇಡ. ಕೆಲಸ ನಿಂತ ದಿನ ಮನೆಯೂ ಹೋಗುತ್ತದೆ.

ಬಾಡಿಗೆ ಕರಾರು ಅವರ ಹೆಸರಿನಲ್ಲೇ ಆಗಿ, ನೋಂದಣಿಯೂ ಆಗಬೇಕು. ಆಧಾರ್ ವಿಳಾಸ ಬದಲಿಸಲು ಅದೇ ಆಧಾರ. ಆಮೇಲೆ ಪಡಿತರ ಚೀಟಿ, ಸಂಧ್ಯಾ ಸುರಕ್ಷಾ (ಹಿರಿಯರ ಪಿಂಚಣಿ) ಅರ್ಜಿ. ಮುಂಗಡವನ್ನು ಕಂತಿನಲ್ಲಿ ತೆಗೆದುಕೊಳ್ಳುವ ಮಾಲೀಕರಿದ್ದರೆ ತಿಳಿಸಿ.

ಕೀಲಿ ಕೈಗೆ ಕೊಟ್ಟರೆ ಮುಗಿಯಿತು ಅಂದುಕೊಳ್ಳಬೇಡಿ. ಇಂಥವರ ಮನೆ ಕೈತಪ್ಪುವುದು ಹೆಚ್ಚಾಗಿ ಶುರುವಿನ ತಿಂಗಳುಗಳಲ್ಲೇ. ಒಂಟಿತನ ಕಾಡುತ್ತದೆ, ಕರೆಂಟ್ ಬಿಲ್ಲು ಉಳಿದುಬಿಡುತ್ತದೆ, ಹಳೆಯ ಪರಿಚಯದವರು ಬಂದು ಬೀಡುಬಿಡುತ್ತಾರೆ, ಮನೋರೋಗದ ಮಾತ್ರೆ ತಪ್ಪುತ್ತದೆ. ಅದಕ್ಕೇ ವಾರಕ್ಕೆರಡು ಸಲ ಹೋಗಿಬರುವ ಇಬ್ಬರು ಬೇಕು; ಒಬ್ಬರೇ ಆದರೆ ಬೇಗ ಬಸವಳಿಯುತ್ತಾರೆ. ಹೋದಾಗ ಉಪದೇಶ ಬೇಡ, ಜೊತೆಯಲ್ಲಿ ಕಾಫಿ ಕುಡಿದು ಮಾತ್ರೆಯ ಸ್ಟ್ರಿಪ್ ನೋಡಿ. ದಿನಕ್ಕೊಂದರಂತೆ ಸೋಮವಾರ ಬೆಳಿಗ್ಗೆ ಹತ್ತು ಮಾತ್ರೆಯ ಹೊಸ ಸ್ಟ್ರಿಪ್ ತೆಗೆದಿದ್ದರೆ ಗುರುವಾರ ಮಧ್ಯಾಹ್ನ ಆರು ಉಳಿದಿರಬೇಕು. ಹೆಚ್ಚಿದ್ದರೆ ಗದರಬೇಡಿ, ಕಾರಣ ಕೇಳಿ. ಎಷ್ಟೋ ಸಲ ಹೊಟ್ಟೆಗೆ ಊಟವಿಲ್ಲದ್ದೇ ಕಾರಣ. ನಿದ್ದೆ ಕೆಟ್ಟು, ತಮ್ಮಷ್ಟಕ್ಕೇ ಮಾತಾಡುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಹಗಲುರಾತ್ರಿ ಉಚಿತ.

ಅವರ ಫೋಟೊ, ಹಿನ್ನೆಲೆ ಗುಂಪಿನಲ್ಲಿ ಕೇಳಬೇಡಿ. ಕೋಣೆಯ ವಿವರ, ಬಾಡಿಗೆ, ನಿಮಗೆ ಬಿಡುವಿರುವ ದಿನಗಳನ್ನು ಖಾಸಗಿಯಾಗಿ ಕಳಿಸಿ.