ಕುಲಾಂತರಿ ಇಲಿಯ ಬಗ್ಗೆ ತಾಯಿಯವರಿಗೆ ಏನು ಹೇಳಲಿ?

ಪ್ರಶ್ನೆ, ಬಸವನಗುಡಿಯಿಂದ:
ನನ್ನ ಮಗಳು ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಜೀನ್ ಮಾರ್ಪಡಿಸಿದ ಇಲಿಗಳ ಮೇಲೆ ನರರೋಗಗಳ ಅಧ್ಯಯನ ನಡೆಸುತ್ತಿದ್ದಾಳೆ. ಅದು ತಿಳಿದಂದಿನಿಂದ ನಮ್ಮ ತಾಯಿಯವರು, ‘ಹುಟ್ಟಿಸುವಾಗಲೇ ರೋಗ ಕೊಡುವುದು ಕೊಲ್ಲುವುದಕ್ಕಿಂತ ದೊಡ್ಡ ಪಾಪ’ ಎನ್ನುತ್ತಿದ್ದಾರೆ. ಅಡುಗೆಮನೆಯಲ್ಲಿ ಇಲಿಬೋನು ಇಡಲು ಅವರು ಎಂದೂ ಹಿಂಜರಿದವರಲ್ಲ. ಆದರೂ ಅವರ ಮಾತನ್ನು ಅಜ್ಞಾನವೆಂದು ತಳ್ಳಿಹಾಕಲು ನನಗೆ ಮನಸ್ಸಾಗುತ್ತಿಲ್ಲ. ಜನರ ವಿರೋಧವಿರುವುದು ಪ್ರಾಣಿಯ ನೋವಿಗೋ, ಜೀನ್ ತಿದ್ದುವುದಕ್ಕೋ?

ಉತ್ತರ, ನಿವೃತ್ತ ಜೀವವಿಜ್ಞಾನ ಅಧ್ಯಾಪಕ:
ತಮ್ಮ ತಾಯಿಯವರ ಪ್ರಶ್ನೆಗೆ ಹತ್ತಿರದ್ದೊಂದು ನ್ಯಾಯಾಲಯಗಳನ್ನೂ ಕಾಡಿದೆ. ಕ್ಯಾನ್ಸರ್ ಬರುವಂತೆಯೇ ರೂಪಿಸಿದ ಹಾರ್ವರ್ಡ್‌ನ ಇಲಿಗೆ ಅಮೆರಿಕ 1988ರಲ್ಲಿ ಪೇಟೆಂಟ್ ಕೊಟ್ಟಿತು. ಆದರೆ ಕೆನಡಾದ ಸುಪ್ರೀಂ ಕೋರ್ಟ್ 2002ರಲ್ಲಿ, ಇಂಥ ಪ್ರಾಣಿಯು ಅಲ್ಲಿನ ಕಾಯ್ದೆ ಹೇಳುವ ‘ಆವಿಷ್ಕಾರ’ವಾಗದು ಎಂದು ಅದನ್ನು ನಿರಾಕರಿಸಿತು. ಇಲಿಯಲ್ಲಿ ಬೇಕಾದ ಜೀನನ್ನೇ ಗುರಿಯಿಟ್ಟು ಬದಲಿಸುವ ವಿಧಾನಕ್ಕೆ 2007ರಲ್ಲಿ ನೊಬೆಲ್ ಬಂದದ್ದೂ ನಿಜ. ಬೋನಿಗೆ ಬಿದ್ದ ಇಲಿ ತಾನಾಗಿ ಬಂದದ್ದು, ಪ್ರಯೋಗಾಲಯದ ಇಲಿಯ ಸಂಕಟ ನಾವು ಯೋಜಿಸಿದ್ದು; ತಾಯಿಯವರ ಮಾತಿನ ತಿರುಳು ಇದೇ ಎಂದು ನನಗನ್ನಿಸುತ್ತದೆ.

ಉತ್ತರ, ಪ್ರಯೋಗಾಲಯದಲ್ಲಿ ದುಡಿಯುವವರು:
ಶಾಲಾಮಕ್ಕಳು ಭೇಟಿಗೆ ಬಂದಾಗ, ಹಸಿರಾಗಿ ಹೊಳೆಯುವ ಜೀಬ್ರಾಮೀನನ್ನು ಕಂಡು ಅವರ ಜೊತೆ ಬಂದ ಹಿರಿಯರೂ ಚಪ್ಪಾಳೆ ತಟ್ಟುತ್ತಾರೆ. ಅದೂ ಕುಲಾಂತರಿಯೇ. ಇಲಿಯ ಪಂಜರದ ಮುಂದೆ ಅವರೇ ಮೌನವಾಗುತ್ತಾರೆ. ಕೋತಿ, ನಾಯಿಯ ಮಾತೆತ್ತಿದರಂತೂ ಮುಖವೇ ಬದಲಾಗುತ್ತದೆ. ಹಾಗಾಗಿ ಜನ ಮೊದಲು ನೋಡುವುದು ಯಾವ ಪ್ರಾಣಿ, ಯಾವ ಉದ್ದೇಶ ಎಂಬುದನ್ನೇ. ಜೀನಿನ ವಿಚಾರ ಆಮೇಲಿನದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಪ್ರತಿ ಪ್ರಯೋಗಕ್ಕೂ ಮೊದಲು ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಅದರಲ್ಲಿ ಹೊರಗಿನವರೂ ಇರುತ್ತಾರೆ. ಜೀನ್ ಮಾರ್ಪಾಡಿಗೆ 1989ರ ನಿಯಮಗಳಂತೆ ಜೈವಿಕ ಸುರಕ್ಷತಾ ಸಮಿತಿಯ ಪರಿಶೀಲನೆ ಬೇರೆ.

ಉತ್ತರ, ಯಲಹಂಕದಿಂದ:
ಸಮಿತಿಗಳಿರುವುದು ಸರಿ, ಆದರೆ ಅವು ಮುಚ್ಚಿದ ಬಾಗಿಲ ಹಿಂದೆ ಸೇರುತ್ತವೆ. ಕೀಟ ತಡೆಯಲೆಂದು ಜೀನ್ ಮಾರ್ಪಡಿಸಿದ ಬಿಟಿ ಬದನೆಯ ವಿಷಯದಲ್ಲಿ ಬೆಂಗಳೂರೂ ಸೇರಿದಂತೆ ಏಳು ನಗರಗಳಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಿ, 2010ರ ಫೆಬ್ರವರಿಯಲ್ಲಿ ಸರ್ಕಾರ ಅದನ್ನು ತಡೆಹಿಡಿಯಿತು. ಬದನೆ ನಮ್ಮ ತಟ್ಟೆಗೆ ಬರುತ್ತದೆ, ಇಲಿ ಬರುವುದಿಲ್ಲ. ಕಾಳಜಿಯ ವ್ಯತ್ಯಾಸಕ್ಕೆ ಇದೂ ಒಂದು ಕಾರಣವಿರಬಹುದು.

ಪ್ರಶ್ನೆ ಕೇಳಿದವರಿಂದ:
ಎಲ್ಲವನ್ನೂ ತಾಯಿಯವರಿಗೆ ಓದಿ ಹೇಳಿದೆ. ‘ಆ ಸಮಿತಿಯವರು ಎಂದಾದರೂ ಬೇಡವೆಂದದ್ದುಂಟೇ?’ ಎಂದು ಕೇಳಿದ್ದಾರೆ. ಭಾನುವಾರ ಮಗಳು ಬಂದಾಗ ಅವಳೇ ಉತ್ತರಿಸಬೇಕಾಗಿದೆ.