ದೊಡ್ಡ ಗಾತ್ರದ ಪಾರಂಪರಿಕ ಟೊಮೆಟೊ: ದಾವಣಗೆರೆಯ ಹಿತ್ತಲಲ್ಲಿ ಹೂವು ನಿಲ್ಲುತ್ತಿಲ್ಲ

ವಿದ್ಯಾನಗರದ ಹಿತ್ತಲು, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಿಂದಿನ ಇಪ್ಪತ್ತು ಅಡಿ ಉದ್ದದ ಹಿತ್ತಲಲ್ಲಿ ಬದನೆ, ಮೆಣಸಿನಕಾಯಿಗಳ ಜೊತೆಗೆ ಈ ವರ್ಷ ಮೊದಲ ಬಾರಿಗೆ ಬ್ರಾಂಡಿವೈನ್, ಚೆರೋಕಿ ಪರ್ಪಲ್ ಮತ್ತು ಆಕ್ಸ್‌ಹಾರ್ಟ್ ಎಂಬ ಮೂರು ಪಾರಂಪರಿಕ ಟೊಮೆಟೊ ತಳಿಗಳನ್ನು ಹಾಕಿದ್ದೆ. ಬೀಜದ ಪೊಟ್ಟಣದ ಮೇಲೆ ‘ಚಳಿ ಪೂರ್ತಿ ಕಳೆದ ಮೇಲೆ ನಾಟಿ ಮಾಡಿ’ ಎಂದು ಇದ್ದುದರಿಂದ ಸಂಕ್ರಾಂತಿ ಮುಗಿದ ಮೇಲೆ ಸಸಿ ಎಬ್ಬಿಸಿ, ಫೆಬ್ರುವರಿ ಮೂರನೇ ವಾರ ನೆಲಕ್ಕೆ ಇಳಿಸಿದೆ. ಗಿಡಗಳು ಸೊಗಸಾಗಿ ಎದೆಯೆತ್ತರ ಬೆಳೆದು ಏಪ್ರಿಲ್ ಹೊತ್ತಿಗೆ ಗೊಂಚಲು ಗೊಂಚಲಾಗಿ ಹೂ ಬಿಟ್ಟವು. ಆದರೆ ಹೂವಿನ ತೊಟ್ಟಿನ ನಡುವೆ ಇರುವ ಗಂಟು ಮೊದಲು ಹಳದಿಯಾಗಿ, ಬೆರಳು ತಾಗಿದರೆ ಸಾಕು, ಹೂವು ಅಲ್ಲಿಂದಲೇ ಕಳಚಿ ಬೀಳುತ್ತಿತ್ತು.

ಒಂಬತ್ತು ಗಿಡಗಳಲ್ಲಿ ಕೊನೆಗೆ ನಿಂತದ್ದು ಐದು ಕಾಯಿ. ಅವುಗಳಲ್ಲೂ ಮೂರರ ತಳಭಾಗ ಎಂಟಾಣೆ ಅಗಲಕ್ಕೆ ಕಪ್ಪಾಗಿ, ಒಣಗಿದ ತೊಗಲಿನಂತೆ ಒಳಕ್ಕೆ ಕುಸಿಯಿತು. ಸುಣ್ಣದ ಅಂಶ ಕಡಿಮೆಯಾಗಿದೆ ಎಂದು ಸಸಿ ಮಾರುವವರೊಬ್ಬರು ಹೇಳಿದ್ದರಿಂದ ಮೊಟ್ಟೆ ಸಿಪ್ಪೆ ಪುಡಿ ಮಾಡಿ ಹಾಕಿದೆ, ಆಮೇಲೆ ಸುಣ್ಣವನ್ನೂ ಹಾಕಿದೆ, ಪ್ರಯೋಜನವಾಗಲಿಲ್ಲ. ಬ್ರಾಂಡಿವೈನ್ ಗಿಡದ ಎಲೆಗೆ ಅಂಚಿನಲ್ಲಿ ಕಚ್ಚುಗಳೇ ಇಲ್ಲದೆ ಆಲೂಗಡ್ಡೆ ಎಲೆಯಂತೆ ಕಾಣುತ್ತದೆ. ಬೀಜವೇ ಬೇರೆ ಬಂದಿರಬಹುದೆ? ಪಕ್ಕದಲ್ಲೇ ತಾನಾಗಿ ಹುಟ್ಟಿದ ನಮ್ಮ ಹುಳಿ ಟೊಮೆಟೊ ಗಿಡ ಇದೇ ಬಿಸಿಲಿನಲ್ಲಿ ಅಷ್ಟಿಷ್ಟು ಕಾಯಿ ಕೊಡುತ್ತಿರುವುದನ್ನು ನೋಡಿದರೆ, ಈ ದೊಡ್ಡ ತಳಿಗಳು ನಮ್ಮ ಸೀಮೆಗೆ ಒಗ್ಗುವುದೇ ಇಲ್ಲವೇನೋ ಎನ್ನಿಸುತ್ತಿದೆ. ಬೆಳೆದು ನೋಡಿದವರು ದಯವಿಟ್ಟು ತಿಳಿಸಿ.

ಕೋಟೆ ಸೀಮೆ, ಚಿತ್ರದುರ್ಗ:

ಒಗ್ಗುತ್ತವೆ ಸರ್, ಕಾಲ ಮಾತ್ರ ತಪ್ಪಿದೆ. ನಾನೂ ಮೊದಲ ಎರಡು ವರ್ಷ ಪೊಟ್ಟಣದ ಮಾತನ್ನೇ ನಂಬಿ ಕೆಟ್ಟವನು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನೀವು ಹಾಕಿರುವ ತಳಿಗಳು ಅಮೆರಿಕದ ಮನೆತೋಟಗಳಲ್ಲಿ ಕೈಯಿಂದ ಕೈಗೆ ಉಳಿದು ಬಂದವು. ಚೆರೋಕಿ ಪರ್ಪಲ್ ಬೀಜ 1990ರಲ್ಲಿ ಟೆನೆಸ್ಸಿಯ ಒಬ್ಬರಿಂದ ಅಂಚೆಯಲ್ಲಿ ಕ್ರೇಗ್ ಲೆಹೂಲಿಯರ್ ಎಂಬ ಟೊಮೆಟೊ ಬೆಳೆಗಾರರಿಗೆ ಬಂದು, ಅವರೇ ಅದಕ್ಕೆ ಆ ಹೆಸರಿಟ್ಟರು. ಆ ನಾಡಿನಲ್ಲಿ ಚಳಿಗಾಲವೆಂದರೆ ನೆಲ ಹೆಪ್ಪುಗಟ್ಟಿ ಗಿಡ ಸತ್ತೇ ಹೋಗುವ ಕಾಲ; ‘ಚಳಿ ಕಳೆದ ಮೇಲೆ’ ಎಂಬ ಮಾತು ಹುಟ್ಟಿದ್ದು ಅಲ್ಲಿ. ನಮ್ಮಲ್ಲಿ ಅದೇ ಮಾತನ್ನು ಪಾಲಿಸಿದರೆ ಗಿಡ ಹೂ ಬಿಡುವ ಹೊತ್ತಿಗೆ ಸರಿಯಾಗಿ 38 ಡಿಗ್ರಿ ಬಿಸಿಲಿಗೆ ಸಿಕ್ಕಿಕೊಳ್ಳುತ್ತದೆ.

ಟೊಮೆಟೊ ಹೂವು ಕಾಯಿ ಕಟ್ಟಲು ಹಗಲಿಗಿಂತ ರಾತ್ರಿಯ ತಂಪು ಮುಖ್ಯ. ರಾತ್ರಿಯ ಉಷ್ಣಾಂಶ 15ರಿಂದ 20 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಪರಾಗ ಚೆನ್ನಾಗಿ ಬಲಿಯುತ್ತದೆ. ಹಗಲು 35 ದಾಟಿ, ರಾತ್ರಿಯೂ 23–24ಕ್ಕಿಂತ ಕೆಳಗಿಳಿಯದಿದ್ದರೆ ಪರಾಗ ಜೊಳ್ಳಾಗುತ್ತದೆ, ಫಲ ಕಟ್ಟದ ಹೂವನ್ನು ಗಿಡವೇ ಆ ಗಂಟಿನ ಬಳಿ ಕಳಚಿಕೊಳ್ಳುತ್ತದೆ. ನೀವು ಕಂಡದ್ದು ಇದನ್ನೇ. ಸಣ್ಣ ಹಣ್ಣಿನ ತಳಿಗಳು ಈ ಬಿಸಿಯನ್ನು ಅಷ್ಟಿಷ್ಟು ತಡೆದುಕೊಳ್ಳುತ್ತವೆ, ಅರ್ಧ ಕಿಲೋ ತೂಗುವ ಹಣ್ಣಿನ ತಳಿಗಳು ಸಾಮಾನ್ಯವಾಗಿ ತಡೆದುಕೊಳ್ಳುವುದಿಲ್ಲ.

ಆದ್ದರಿಂದ ಲೆಕ್ಕವನ್ನು ಹೂವಿನಿಂದ ಹಿಂದಕ್ಕೆ ಹಾಕಿ. ನಮ್ಮಲ್ಲಿ ರಾತ್ರಿ ತಂಪಾಗಿರುವುದು ನವೆಂಬರ್‌ನಿಂದ ಜನವರಿಯವರೆಗೆ. ಹೂವು ಆಗ ಅರಳಬೇಕಾದರೆ ಗಣೇಶನ ಹಬ್ಬದ ಆಸುಪಾಸು ಬೀಜ ಹಾಕಿ, ಇಪ್ಪತ್ತೈದು ಮೂವತ್ತು ದಿನದ ಸಸಿಯನ್ನು ಅಕ್ಟೋಬರ್ ಮೊದಲ ಹದಿನೈದು ದಿನದೊಳಗೆ ನಾಟಿ ಮಾಡಬೇಕು. ಆ ಸಮಯದಲ್ಲಿ ಹಿಂಗಾರು ಮಳೆ ಜೋರಾಗಿ ಹೊಡೆಯುವುದರಿಂದ ನೆಲಮಟ್ಟದಲ್ಲಿ ನೆಡಬೇಡಿ, ಒಂದು ಅಡಿ ಏರುಮಡಿ ಮಾಡಿಕೊಳ್ಳಿ. ಬ್ರಾಂಡಿವೈನ್ ನಾಟಿಯಾದ 80–90 ದಿನಕ್ಕೆ ಹಣ್ಣಾಗುವ ನಿಧಾನದ ತಳಿ, ಹಾಗಾಗಿ ಸಂಕ್ರಾಂತಿಯ ಹೊತ್ತಿಗೆ ನೀವು ಬೀಜ ಹಾಕುವ ಬದಲು ಹಣ್ಣು ಕೀಳುತ್ತಿರುತ್ತೀರಿ. ಅದರ ಆಲೂಗಡ್ಡೆಯಂಥ ಎಲೆ ತಳಿಯದೇ ಗುಣ, ಬೀಜ ಸರಿಯಾಗಿಯೇ ಬಂದಿದೆ.

ಇನ್ನೊಂದು ಮಾತು. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ, ಬಿಸಿಲು ತಾಗಿ ಇಬ್ಬನಿ ಆರಿದ ಮೇಲೆ, ಹೂಗೊಂಚಲಿನ ಹಿಂದಿನ ಕಾಂಡವನ್ನು ಬೆರಳಿನಿಂದ ನಾಲ್ಕೈದು ಸಲ ಮೆಲ್ಲಗೆ ತಟ್ಟಿ. ಟೊಮೆಟೊ ಹೂವಿನ ಪರಾಗ ಒಂದು ಕೊಳವೆಯೊಳಗೆ ಇರುತ್ತದೆ, ಅಲುಗಿದರೆ ಮಾತ್ರ ಉದುರುತ್ತದೆ. ದುಂಬಿಗಳು ಹೂವನ್ನು ಹಿಡಿದು ಮೈ ಅದುರಿಸಿ ಅದನ್ನು ಉದುರಿಸುತ್ತವೆ, ಜೇನುಹುಳಕ್ಕೆ ಆ ಕೆಲಸ ಬರುವುದಿಲ್ಲ. ಸುತ್ತ ಕಾಂಪೌಂಡ್ ಗೋಡೆ ಇದ್ದು ಗಾಳಿಯಾಡದ ಹಿತ್ತಲಾದರೆ ಇದರಿಂದ ಕಾಣುವಂಥ ವ್ಯತ್ಯಾಸವಾಗುತ್ತದೆ.

ಭರಮಸಾಗರದ ಗೃಹಿಣಿ:

ಮೇಲಿನ ಅಣ್ಣನವರು ಹೂವಿನ ವಿಷಯ ಹೇಳಿದ್ದಾರೆ, ನಾನು ತಳ ಕಪ್ಪಾಗುವ ವಿಷಯ ಹೇಳುತ್ತೇನೆ. ದಯವಿಟ್ಟು ಇನ್ನು ಸುಣ್ಣ ಹಾಕಬೇಡಿ. ನಮ್ಮ ಕಡೆಯ ಕಪ್ಪು ಮಣ್ಣಿನಲ್ಲಿ ಸುಣ್ಣದ ಕಲ್ಲುಗಳೇ ಸಿಗುತ್ತವೆ, ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುತ್ತದೆ. ಇಂಥ ಮಣ್ಣಿಗೆ, ಇಂಥ ನೀರಿಗೆ ಕ್ಯಾಲ್ಸಿಯಂ ಕೊರತೆ ಎನ್ನುವುದು ಅಪರೂಪ. ಕ್ಯಾಲ್ಸಿಯಂ ನೀರಿನ ಜೊತೆಗೇ ಗಿಡದೊಳಗೆ ಏರುವುದು. ಎಲೆಗಳು ಹೆಚ್ಚು ನೀರನ್ನು ಆವಿ ಮಾಡುವುದರಿಂದ ಅದರ ಬಹುಪಾಲು ಎಲೆಗೆ ಹೋಗುತ್ತದೆ, ದಪ್ಪ ಕಾಯಿಯ ತುದಿಗೆ ತಲುಪುವುದು ಕೊನೆಯಲ್ಲಿ. ಎರಡು ದಿನ ಒಣಗಿಸಿ ಮೂರನೇ ದಿನ ಬುಡ ಮುಳುಗುವಂತೆ ನೀರು ಬಿಟ್ಟರೆ ಆ ಸರಬರಾಜು ತುಂಡಾಗುತ್ತದೆ, ಬೆಳೆಯುತ್ತಿರುವ ಕಾಯಿಯ ತಳ ಅಲ್ಲೇ ಸಾಯುತ್ತದೆ. ಹಣ್ಣಾಗುವ ಹೊತ್ತಿಗೆ ಹೀಗೆ ನೀರು ಬಿಟ್ಟರೆ ಹಣ್ಣು ತೊಟ್ಟಿನ ಸುತ್ತ ಸೀಳುತ್ತದೆ.

ನಮ್ಮ ಮನೆಯಲ್ಲಿ ಇದು ನಿಂತದ್ದು ಶೇಂಗಾ ಹೊಟ್ಟಿನಿಂದ. ಗಿಡದ ಸುತ್ತ ಎರಡು ಅಡಿ ಅಗಲಕ್ಕೆ, ನಾಲ್ಕು ಬೆರಳು ದಪ್ಪಕ್ಕೆ, ಕಾಂಡಕ್ಕೆ ತಾಗದಂತೆ ಹೊಟ್ಟನ್ನು ಹರಡುತ್ತೇನೆ. ದಾವಣಗೆರೆಯಲ್ಲಿ ನಿಮಗೆ ಅಕ್ಕಿ ಗಿರಣಿಯ ಭತ್ತದ ಹೊಟ್ಟು ಇನ್ನೂ ಸುಲಭವಾಗಿ ಸಿಗಬಹುದು. ಹೊಟ್ಟನ್ನು ಸರಿಸಿ ಮಣ್ಣಿಗೆ ಬೆರಳು ಚುಚ್ಚಿ ನೋಡುತ್ತೇನೆ. ಎರಡನೇ ಗೆಣ್ಣಿನವರೆಗೂ ತಣ್ಣಗೆ ತೇವ ತಾಗಿದರೆ ಆ ದಿನ ನೀರಿಲ್ಲ. ಕಳೆದ ವರ್ಷ ನಾಲ್ಕು ಗಿಡದಿಂದ ಇಪ್ಪತ್ತಮೂರು ಹಣ್ಣು ಬಂತು, ಅತಿ ದೊಡ್ಡದು 410 ಗ್ರಾಂ ಇತ್ತು. ಕುಯ್ದಾಗ ಒಳಗೆ ಬೀಜಕ್ಕಿಂತ ತಿರುಳೇ ಹೆಚ್ಚು, ಉಪ್ಪು ಮೆಣಸಿನಪುಡಿ ಉದುರಿಸಿ ರೊಟ್ಟಿಯ ಜೊತೆ ಹಾಗೇ ತಿಂದೆವು. ಹುಳಿ ಕಡಿಮೆಯಾದ್ದರಿಂದ ಸಾರಿಗೆ ಮಾತ್ರ ನಮ್ಮ ಹುಳಿ ಟೊಮೆಟೊನೇ ಬೇಕು.

ಹಿರಿಯೂರು ಸೀಮೆಯ ನಿವೃತ್ತ ತೋಟಗಾರಿಕೆ ಸಹಾಯಕ:

ಇಬ್ಬರೂ ಸರಿಯಾಗಿ ಹೇಳಿದ್ದಾರೆ. ಆದರೆ ಕಾಲ ಸರಿಯಾದರೂ ಎಲೆ ಮುಟುರು ರೋಗದ ಎಚ್ಚರವಿಲ್ಲದೆ ಈ ತಳಿಗಳಿಗೆ ಕೈ ಹಾಕಬಾರದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಸಂಕರಣ ತಳಿಯಲ್ಲಿ ಎಲೆ ಮುಟುರು, ದುಂಡಾಣು ಸೊರಗು ಮತ್ತು ಎಲೆ ಅಂಗಮಾರಿ ಈ ಮೂರಕ್ಕೂ ನಿರೋಧಕ ಶಕ್ತಿ ಇದೆ. ತಾವು ಹಾಕಿರುವ ಹಳೆಯ ತಳಿಗಳಲ್ಲಿ ಆ ರಕ್ಷಣೆ ಇಲ್ಲ. ಮುಟುರು ರೋಗದ ವೈರಸ್ಸನ್ನು ಹರಡುವುದು ಬಿಳಿ ನೊಣ. ಸಸಿ ಎಳೆಯದಾಗಿದ್ದಾಗ ತಗುಲಿದರೆ ಆ ಗಿಡದಿಂದ ಫಸಲಿನ ಆಸೆ ಬಿಡಬೇಕು, ಔಷಧಿ ಎಂಬುದಿಲ್ಲ. ಸಸಿ ಎಬ್ಬಿಸುವ ಟ್ರೇಯ ಮೇಲೆ ಬಿದಿರು ಕಡ್ಡಿ ಬಾಗಿಸಿ, ಸೊಳ್ಳೆ ಪರದೆಗಿಂತ ಒತ್ತಾದ 40–50 ಮೆಶ್ ನೈಲಾನ್ ಬಲೆಯನ್ನು ಅಂಚು ಮಣ್ಣಿಗೆ ಮುಚ್ಚುವಂತೆ ಹೊದಿಸಿ, ನಾಟಿಯ ದಿನದವರೆಗೂ ಅದರೊಳಗೇ ಬೆಳೆಸಿ. ತಾನಾಗಿ ಹುಟ್ಟಿರುವ ಆ ಹುಳಿ ಟೊಮೆಟೊ ಗಿಡವನ್ನು ಸೆಪ್ಟೆಂಬರ್‌ಗೆ ಮುಂಚೆ ಕಿತ್ತುಬಿಡುವುದು ಒಳ್ಳೆಯದು, ಬಿಳಿ ನೊಣಕ್ಕೆ ಅದೇ ತಂಗುದಾಣವಾಗುತ್ತದೆ.

ಹಸಿರಾಗಿದ್ದ ಗಿಡ ಒಂದೇ ದಿನದಲ್ಲಿ ಜೋತುಬಿದ್ದರೆ ಕಾಂಡವನ್ನು ಕತ್ತರಿಸಿ ತಿಳಿ ನೀರಿನ ಲೋಟದಲ್ಲಿ ನಿಲ್ಲಿಸಿ ನೋಡಿ. ಹಾಲಿನಂಥ ಎಳೆ ಕೆಳಕ್ಕೆ ಇಳಿದರೆ ಅದು ದುಂಡಾಣು ಸೊರಗು. ಬದನೆ, ಮೆಣಸಿನಕಾಯಿಗೂ ಅದು ತಗುಲುವುದರಿಂದ, ಅವುಗಳನ್ನು ಬೆಳೆದ ಜಾಗದಲ್ಲೇ ಟೊಮೆಟೊ ನೆಡಬೇಡಿ.

ವಿದ್ಯಾನಗರದ ಹಿತ್ತಲು, ದಾವಣಗೆರೆ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಗ್ಗುವುದಿಲ್ಲ ಎಂದು ಗಿಡಗಳನ್ನು ಕಿತ್ತುಹಾಕುವುದರಲ್ಲಿದ್ದೆ. ಸರಿಯಾಗಿ ಬಂದ ಎರಡು ಕಾಯಿಗಳಲ್ಲಿ ಒಂದು ಚೆರೋಕಿ ಪರ್ಪಲ್, ಈಗ ಬಣ್ಣ ತಿರುಗುತ್ತಿದೆ. ಅದರ ಬೀಜವನ್ನು ಸೆಪ್ಟೆಂಬರ್‌ಗೆ ಬಳಸಬಹುದೇ?

ಕೋಟೆ ಸೀಮೆ, ಚಿತ್ರದುರ್ಗ:

ಗಿಡದಲ್ಲಿ ಮುಟುರು ಇಲ್ಲದಿದ್ದರೆ ಖಂಡಿತ ಬಳಸಬಹುದು. ಟೊಮೆಟೊ ಬಹುಪಾಲು ತನ್ನ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ತಳಿಗುಣ ಸಾಮಾನ್ಯವಾಗಿ ಹಾಗೇ ಬರುತ್ತದೆ. ಅಳಿಲು ಕಚ್ಚುವ ಮೊದಲು ಇವತ್ತೇ ಕಿತ್ತು ಮನೆಯೊಳಗೆ ನೆರಳಿನಲ್ಲಿ ಮಾಗಲು ಇಡಿ. ಪೂರ್ತಿ ಮೆತ್ತಗಾದ ಮೇಲೆ ಬೀಜವನ್ನು ರಸದ ಸಮೇತ ಲೋಟಕ್ಕೆ ಹಿಂಡಿ, ಎರಡು ಮೂರು ದಿನ ಹುಳಿಬರಿಸಿ, ಮೇಲೆ ತೇಲುವುದನ್ನು ಚೆಲ್ಲಿ, ತಳಕ್ಕೆ ಕೂತ ಬೀಜವನ್ನು ತೊಳೆದು ಸ್ಟೀಲ್ ತಟ್ಟೆಯಲ್ಲಿ ನೆರಳಿಗೆ ಒಣಗಿಸಿ. ಕಾಗದದ ಮೇಲೆ ಒಣಗಿಸಬೇಡಿ, ಅಂಟಿಕೊಂಡರೆ ಬಿಡಿಸಲಾಗುವುದಿಲ್ಲ.