ಸಹಾಯ ಬೇಕು: ಕಾಡೋ, ಗೋಡಂಬಿ ತೋಟವೋ? ಸತ್ತರಿಯಲ್ಲಿ ನೋಡಿ ಹೇಳುವವರು
ಗೋವಾ ಕನ್ನಡಿಗರಿಗೆ ನಮಸ್ಕಾರ. ಸತ್ತರಿ ತಾಲೂಕಿನ ಅರಣ್ಯನಾಶದ ನಕ್ಷೆ ಮಾಡುತ್ತಿದ್ದೇವೆ. ತೊಡಕು ಇದು: ಸರ್ಕಾರಿ ಅರಣ್ಯ ಸಮೀಕ್ಷೆಯಲ್ಲಿ 1 ಹೆಕ್ಟೇರಿಗೆ ಕಡಿಮೆಯಿಲ್ಲದ, ಶೇ. 10ರಷ್ಟಾದರೂ ಮರಗಳ ಹೊದಿಕೆಯಿರುವ ಜಾಗವೆಲ್ಲ ಅರಣ್ಯದ ಲೆಕ್ಕವೇ. ಒಡೆತನ, ಮರದ ಜಾತಿ ನೋಡುವುದಿಲ್ಲ. ಹಾಗಾಗಿ ಕಾಡು ಕಡಿದು ಗೋಡಂಬಿ ಬೆಳೆಸಿದರೂ ಅಂಕಿಯಲ್ಲಿ ಹಸಿರು ಹಾಗೇ ಉಳಿಯುತ್ತದೆ. ಇದು ದೊಡ್ಡ ಅನ್ಯಾಯ, ನೆಲದ ಮೇಲೆ ನಿಂತು ನೋಡಲೇಬೇಕು.

ವಾಳಪೈ, ಕೇರಿ ಕಡೆಯವರು ತೋಟದವರನ್ನು ಕೇಳಿ ಒಳಹೋಗಿ, ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಮಾಡಿ, ನಾಲ್ಕು ದಿಕ್ಕಿಗೂ ನೆತ್ತಿಯ ಮೇಲಕ್ಕೂ ಒಂದೊಂದು ಫೋಟೋ ತೆಗೆಯಿರಿ. ತೋಟದ ಅಂಚಿನಿಂದ ಕನಿಷ್ಠ 60 ಮೀಟರ್ ಒಳಕ್ಕೆ ಹೋಗಿ ನಿಂತು ತೆಗೆಯಿರಿ. ನಮ್ಮ ಲ್ಯಾಂಡ್‌ಸ್ಯಾಟ್ ಉಪಗ್ರಹ ಚಿತ್ರದ ಒಂದು ಪಿಕ್ಸೆಲ್ (ಚುಕ್ಕೆ) ಅಂದರೆ ನೆಲದ ಮೇಲೆ 30 ಮೀಟರ್ ಅಗಲದ ಚೌಕ, ಅಂಚಿನಲ್ಲಿ ಕಾಡು-ತೋಟ ಎರಡೂ ಕಲೆತುಬಿಡುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿಯೇ ಕಳಿಸಿ, ಇಲ್ಲದಿದ್ದರೆ ಸ್ಥಳದ ಮಾಹಿತಿ ಅಳಿಸಿಹೋಗುತ್ತದೆ. ತೋಟ ಹಾಕಿದ ವರ್ಷ ಕೇಳಿ ಬರೆದರೆ ಯಾವ ಹಳೇ ಚಿತ್ರ ಹುಡುಕಬೇಕೆಂದು ಗೊತ್ತಾಗುತ್ತದೆ.